ತುಂಗೆಯ ನೀರಿಗೆ ಒಂದಿಷ್ಟು ಕ್ಯಾಲ್ಸಿಯಂ

(ಶಿವಮೊಗ್ಗದಲ್ಲಿ ತಾರಸಿ ತೋಟ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗಂಗಾ ಸ್ನಾನ, ತುಂಗಾ ಪಾನ ಅನ್ನುವ ಮಾತನ್ನು ಈ ಊರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕುಡಿಯೋದಕ್ಕೆ ತುಂಗೆಯ ನೀರು ಎಷ್ಟು ರುಚಿ ಅಂತ ನಿಮಗೆಲ್ಲ ಗೊತ್ತು. ಆದರೆ ಇವತ್ತು ನಾನು ಮಾತಾಡೋದು ಅದೇ ನೀರು ಕುಡಿಯುವ ಟೊಮೆಟೊ ಗಿಡದ ಪರವಾಗಿ. ಗಿಡದ ಮಟ್ಟಿಗೆ ಅದು ಸಪ್ಪೆ ನೀರು. ಅದರಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತೀರಾ ಕಡಿಮೆ.

ಇದಕ್ಕೆ ಕಾರಣ ನೀರು ಹರಿದು ಬರುವ ದಾರಿ. ತುಂಗೆ ಹುಟ್ಟುವುದು ಗಂಗಾಮೂಲದಲ್ಲಿ. ಶೃಂಗೇರಿ, ತೀರ್ಥಹಳ್ಳಿ ದಾಟಿ ಗಾಜನೂರಿಗೆ ಬರುತ್ತಾಳೆ. ದಾರಿಯುದ್ದಕ್ಕೂ ಜೋರು ಮಳೆಯ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಸಾವಿರಾರು ವರ್ಷ ಹೀಗೆ ಮಳೆ ಹೊಯ್ದರೆ ಮಣ್ಣಿನಲ್ಲಿ ಕರಗುವಂಥದ್ದು ಏನು ಉಳಿದೀತು? ಎಲ್ಲ ತೊಳೆದು ಸಮುದ್ರ ಸೇರಿದೆ. ಮಂಗಳೂರಿನವರು ಕುಡಿಯುವ ತುಂಬೆ ಅಣೆಕಟ್ಟಿನ ನೇತ್ರಾವತಿ ನೀರಿನದೂ ಇದೇ ಕಥೆ. ಅದೇ ಕಲಬುರಗಿ ಕಡೆ ಹೋಗಿ. ಶಹಾಬಾದ್, ಸೇಡಂ ಸುತ್ತಮುತ್ತ ನೆಲವೇ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಸುಮ್ನೆ ಹುಟ್ಟಿಕೊಂಡಿಲ್ಲ. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಧಾರಾಳವಾಗಿರುತ್ತದೆ. ಅವರ ತೊಂದರೆಗಳೇ ಬೇರೆ, ಅದು ಇವತ್ತಿನ ವಿಷಯ ಅಲ್ಲ.

ನಿಮ್ಮ ನೀರು ಮೆದುವೋ ಗಡಸೋ ಅಂತ ತಿಳಿಯೋದಕ್ಕೆ ಅಡುಗೆಮನೆಯೇ ಸಾಕು. ಸೋಪು ಬೇಗ ನೊರೆ ಬಂತು, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಲಿಲ್ಲ, ತೊಗರಿಬೇಳೆ ಬೇಗ ಬೆಂದಿತು ಅಂದರೆ ಮೆದು ನೀರು. ಈ ಬೇಳೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕೆಂದರೆ ಇವತ್ತಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ಬೇಳೆಯ ಒಂದು ಜೀವಕೋಶವನ್ನು ಪಕ್ಕದ ಕೋಶಕ್ಕೆ ಅಂಟಿಸಿ ಹಿಡಿದಿರುವ ಅಂಟಿಗೆ ಪೆಕ್ಟಿನ್ ಅಂತ ಹೆಸರು. ಬೇಯಿಸಿದಾಗ ಆ ಅಂಟು ಸಡಿಲವಾಗಿ ಬೇಳೆ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಪೆಕ್ಟಿನ್ ಎಳೆಗಳ ನಡುವೆ ಕೂತು ಅವನ್ನು ಬಿಗಿ ಮಾಡುತ್ತದೆ. ಅದಕ್ಕೇ ಗಡಸು ನೀರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಬೇಳೆ ಕಾಳುಕಾಳಾಗಿ ಉಳಿಯುತ್ತದೆ. ಪೇಠ ಅನ್ನುವ ಸಿಹಿತಿಂಡಿ ಮಾಡುವವರು ಬೂದುಗುಂಬಳದ ಹೋಳುಗಳನ್ನು ಮೊದಲು ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುವುದೂ ಇದಕ್ಕೇ. ಹಾಗೆ ನೆನೆಸದಿದ್ದರೆ ಪಾಕದಲ್ಲಿ ಕುದ್ದಾಗ ಹೋಳು ಮುದ್ದೆಯಾಗುತ್ತದೆ.

ಬೆಳೆಯುತ್ತಿರುವ ಗಿಡದೊಳಗೂ ಇದೇ ನಡೆಯುತ್ತದೆ. ಹೊಸ ಕೋಶ ಹುಟ್ಟಿದಾಗಲೆಲ್ಲ ಅದರ ಗೋಡೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಕೋಶದ ಒಳಪೊರೆ ಸೋರದೆ ಇರುವುದಕ್ಕೂ ಅದೇ ಬೇಕು. ಸಾಲದಿದ್ದರೆ ಕೋಶಗಳು ಸೋರಿ ಕುಸಿಯುತ್ತವೆ. ಟೊಮೆಟೊ ಕಾಯಿ ಗೋಲಿಗಿಂತ ಸ್ವಲ್ಪ ದೊಡ್ಡದಾದಾಗ, ತೊಟ್ಟಿನ ಎದುರು ತುದಿಯಲ್ಲಿ, ಹೂವಿದ್ದ ಜಾಗದಲ್ಲಿ, ನೀರು ತುಂಬಿದಂಥ ಕಲೆ ಬರುತ್ತದೆ. ಆಮೇಲೆ ಅದು ಕಪ್ಪಾಗಿ, ಗುಳಿಬಿದ್ದು, ತೊಗಲಿನ ಹಾಗೆ ಒಣಗುತ್ತದೆ. ನಿಮ್ಮಲ್ಲಿ ಅರ್ಧ ಜನ ನೋಡಿರುತ್ತೀರಿ. ಇಂಗ್ಲಿಷಿನವರು ಬ್ಲಾಸಮ್ ಎಂಡ್ ರಾಟ್ ಅನ್ನುತ್ತಾರೆ. ರೋಗ ಅಂದುಕೊಂಡು ಜನ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಇಲ್ಲಿ ಶಿಲೀಂಧ್ರವೂ ಇಲ್ಲ, ಹುಳುವೂ ಇಲ್ಲ. ಆ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ, ಅಷ್ಟೇ. ದೊಣ್ಣೆ ಮೆಣಸಿನಕಾಯಿಗೂ ಹೀಗಾಗುತ್ತದೆ. ಲೆಟ್ಯೂಸ್ ಬೆಳೆಯುವವರಿಗೆ ಎಳೆ ಎಲೆಯ ಅಂಚು ಸುಟ್ಟ ಹಾಗೆ ಕಾಣುತ್ತದೆ.

ತಲುಪಿಲ್ಲ ಅಂದೆ, ಇಲ್ಲ ಅನ್ನಲಿಲ್ಲ. ಈ ವ್ಯತ್ಯಾಸ ದೊಡ್ಡದು.

ಗಿಡದೊಳಗೆ ಎರಡು ಸಾಗಣೆ ದಾರಿಗಳಿವೆ. ಬೇರಿನಿಂದ ಎಲೆಗೆ ನೀರು ಏರುವ ದಾರಿ ಒಂದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇಕಾದ ಕಡೆಗೆ ಒಯ್ಯುವ ದಾರಿ ಇನ್ನೊಂದು. ಸಾರಜನಕ, ಪೊಟ್ಯಾಷಿಯಂ ಎರಡರಲ್ಲೂ ಓಡಾಡುತ್ತವೆ. ಹಳೆ ಎಲೆಯಿಂದ ಎದ್ದು ಹೊಸ ಎಲೆಗೆ ಹೋಗುತ್ತವೆ. ಕ್ಯಾಲ್ಸಿಯಂ ಮಾತ್ರ ಹೆಚ್ಚುಕಡಿಮೆ ಮೊದಲನೇ ದಾರಿಯಲ್ಲೇ ಬರುವುದು. ಒಮ್ಮೆ ಒಂದು ಎಲೆಯಲ್ಲಿ ಕೂತರೆ ಅಲ್ಲಿಂದ ಏಳುವುದಿಲ್ಲ. ಎಲೆ ಬಿಸಿಲಿಗೆ ನೀರನ್ನು ಆವಿ ಮಾಡಿ ಬಿಡುತ್ತದೆ, ಅದರ ಎಳೆತಕ್ಕೆ ನೀರು ಏರುತ್ತದೆ, ನೀರಿನ ಜೊತೆ ಕ್ಯಾಲ್ಸಿಯಂ. ಕಾಯಿ ಹೀಗೆ ಬೆವರುವುದು ಬಹಳ ಕಡಿಮೆ. ಅದಕ್ಕೆ ಸಿಗುವುದು ಎಲೆಗಳು ಎಳೆದುಕೊಂಡು ಉಳಿದದ್ದು.

ಈಗ ನಮ್ಮ ಮಳೆಗಾಲ ನೆನಪು ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೆಲ್ಲ ಒದ್ದೆ. ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಎಲೆ ಎಲ್ಲಿಂದ ಬೆವರಬೇಕು? ಅಂಥಾ ದಿನಗಳಲ್ಲಿ ಗಿಡಕ್ಕೆ ಗೊಬ್ಬರದ ನೀರು ಕೊಡುವ ತೊಟ್ಟಿಯಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದರೂ ಲೆಟ್ಯೂಸ್ ಅಂಚು ಸುಡುತ್ತದೆ. ಆಗ ಬೇಕಾದದ್ದು ಗೊಬ್ಬರ ಅಲ್ಲ, ಫ್ಯಾನ್. ಬೇಸಿಗೆಯಲ್ಲಿ ಇನ್ನೊಂದು ಥರ. ತಾರಸಿಯ ಗ್ರೋ ಬ್ಯಾಗ್ ಮಧ್ಯಾಹ್ನಕ್ಕೆ ಒಣಗುತ್ತದೆ, ಸಂಜೆ ನೀವು ಬಕೆಟ್ ತುಂಬಾ ಸುರಿಯುತ್ತೀರಿ. ಒಣಗಿದ ಹೊತ್ತಿನಲ್ಲಿ ಸಾಗಣೆ ನಿಂತಿತ್ತು. ಕಾಯಿ ಆ ಹೊತ್ತಿನಲ್ಲೂ ಬೆಳೆಯಬೇಕಿತ್ತು.

ರಾತ್ರಿ ಬೇರೆಯೇ ಒಂದು ವ್ಯವಸ್ಥೆ ಇದೆ. ಎಲೆ ಬೆವರದ ಹೊತ್ತಿನಲ್ಲಿ ಬೇರುಗಳೇ ನೀರನ್ನು ಮೇಲಕ್ಕೆ ತಳ್ಳುತ್ತವೆ. ಬೆಳಗ್ಗೆ ಕೆಸುವಿನ ಎಲೆಯ ತುದಿಯಲ್ಲಿ ತೊಟ್ಟಿಕ್ಕುವ ಹನಿ ನೋಡಿದ್ದೀರಲ್ಲ, ಅದು ಎಲ್ಲವೂ ಇಬ್ಬನಿಯಲ್ಲ, ಬೇರು ತಳ್ಳಿದ ನೀರೂ ಇದೆ. ಹಗಲಿನಲ್ಲಿ ಪಾಲು ಸಿಗದ ಎಳೆ ಎಲೆಗೂ ಕಾಯಿಗೂ ಈ ಹೊತ್ತಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಸಿಗುತ್ತದೆ. ಆದ್ದರಿಂದ ಸಂಜೆ ಬೇರಿನ ಬುಡ ಹದವಾಗಿ ತೇವ ಇರಬೇಕು, ಕೊಟ್ಟ ಗೊಬ್ಬರದ ನೀರು ತೀರಾ ಖಾರ ಇರಬಾರದು. ಉಪ್ಪು ಜಾಸ್ತಿಯಾದ ನೀರನ್ನು ಬೇರು ತಳ್ಳಲಾರದು.

ಹಾಗಾಗಿ ಕಾಯಿಯ ತುದಿ ಕಪ್ಪಾದ ತಕ್ಷಣ ಅಂಗಡಿಗೆ ಓಡಬೇಡಿ. ನೀರು ದಿನಾ ಒಂದೇ ಸಮನೆ ಹೋಗುತ್ತಿದೆಯೇ? ಯೂರಿಯಾವನ್ನೋ, ಸಾರಜನಕ, ರಂಜಕ, ಪೊಟ್ಯಾಷಿಯಂ ಮೂರೂ ಇರುವ 19:19:19 ಗೊಬ್ಬರವನ್ನೋ ಸುರಿದು ಎಲೆಯನ್ನು ಕೊಬ್ಬಿಸಿದ್ದೀರಾ? ಇವೆರಡನ್ನು ಮೊದಲು ಕೇಳಿಕೊಳ್ಳಿ. ಅಮೋನಿಯಂ ರೂಪದ ಸಾರಜನಕವೂ ಪೊಟ್ಯಾಷಿಯಮ್ಮೂ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂಗೆ ಅಡ್ಡ ಬರುತ್ತವೆ. ಅಂದಹಾಗೆ 19:19:19 ಪೊಟ್ಟಣದಲ್ಲಿ ಕ್ಯಾಲ್ಸಿಯಂ ಒಂದು ಚೂರೂ ಇರುವುದಿಲ್ಲ. ಅದರಲ್ಲಿರುವ ರಂಜಕದ ಜೊತೆ ಕ್ಯಾಲ್ಸಿಯಂ ಸೇರಿಸಿದರೆ ಗಟ್ಟಿಯಾಗಿ ತಳ ಕೂರುತ್ತದೆ ಅಂತ ಕಂಪನಿಯವರು ಬಿಟ್ಟಿರುತ್ತಾರೆ. ಗಡಸು ನೀರಿನ ಊರಿನಲ್ಲಿ ಆ ಕೊರತೆಯನ್ನು ನೀರು ತುಂಬಿಕೊಡುತ್ತದೆ. ನಮ್ಮಲ್ಲಿ ತುಂಬುವವರು ಯಾರೂ ಇಲ್ಲ.

ಇಷ್ಟು ಸರಿಮಾಡಿಕೊಂಡ ಮೇಲೆ ಲೆಕ್ಕಕ್ಕೆ ಬರೋಣ.

ಗಿಡಕ್ಕೆ ಎಷ್ಟು ಬೇಕು? ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನಿಗಳಾದ ಹೋಗ್ಲಂಡ್ ಮತ್ತು ಆರ್ನನ್, ಮಣ್ಣಿಲ್ಲದೆ ಗಿಡ ಬೆಳೆಸಲು 1938ರಲ್ಲಿ ಪ್ರಕಟಿಸಿದ ದ್ರಾವಣಗಳಲ್ಲಿ ಲೀಟರಿಗೆ 160ರಿಂದ 200 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು. ಮಣ್ಣಿಲ್ಲದೆ ಟೊಮೆಟೊ ಬೆಳೆಯುವವರು ಇವತ್ತಿಗೂ ಸುಮಾರು 150ರ ಮೇಲೆಯೇ ಇಟ್ಟುಕೊಳ್ಳುತ್ತಾರೆ. ಸೊಪ್ಪಿಗೆ 100ರ ಆಸುಪಾಸು ಸಾಕು. ತೆಂಗಿನ ನಾರಿನ ಪುಡಿ, ಗೊಬ್ಬರ ಸೇರಿಸಿದ ಚೀಲದ ಗಿಡಗಳಿಗೆ 50–60 ಸಿಕ್ಕರೂ ನಡೆಯುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಅನ್ನುವುದನ್ನೇ ಒಂದು ಪಿಪಿಎಂ ಅನ್ನುತ್ತಾರೆ.

ನಿಮ್ಮ ನಲ್ಲಿಯಲ್ಲಿ ಎಷ್ಟಿದೆ ಅಂತ ತಿಳಿಯಲು ನೀರು ಪರೀಕ್ಷೆ ಮಾಡಿಸಿ. ವರದಿಯಲ್ಲಿ ಕ್ಯಾಲ್ಸಿಯಂ ಗಡಸುತನ ಅಂತ ಬರೆದಿದ್ದರೆ ಅದನ್ನು 2.5ರಿಂದ ಭಾಗಿಸಿ. 25 ಅಂತಿದ್ದರೆ ಕ್ಯಾಲ್ಸಿಯಂ 10 ಪಿಪಿಎಂ. ಟಿಡಿಎಸ್ ಮೀಟರ್ ನಂಬಿಕೊಂಡು ಕೂರಬೇಡಿ. ಅದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಒಟ್ಟು ಉಪ್ಪನ್ನು ಅಂದಾಜು ಮಾಡುತ್ತದೆ. ಯಾವ ಉಪ್ಪು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾಟರ್ ಸಾಫ್ಟ್ನರ್ ಹಾಕಿಸಿರುತ್ತಾರೆ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಮೀಟರ್ ಮೊದಲಿನಷ್ಟೇ ತೋರಿಸುತ್ತದೆ, ಗಿಡಕ್ಕೆ ಹೋಗುವುದು ಸೋಡಿಯಂ. ಆ ನೀರನ್ನು ಗಿಡಕ್ಕೆ ಹಾಕಲೇಬೇಡಿ. ಸಾಫ್ಟ್ನರ್‌ಗೆ ಮೊದಲು ಒಂದು ನಲ್ಲಿ ತೆಗೆಸಿಕೊಳ್ಳಿ.

ಕ್ಯಾಲ್ಸಿಯಂ ಯಾವತ್ತೂ ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡೇ ಬರುತ್ತದೆ. ಯಾವ ಪುಡಿ ಕೊಳ್ಳಬೇಕು ಅನ್ನುವ ಪ್ರಶ್ನೆಗೆ ಉತ್ತರ ಆ ಜೊತೆಗಾರನಲ್ಲಿದೆ. ಬೆಲೆ, ಬ್ರ್ಯಾಂಡು ಎಲ್ಲ ಆಮೇಲೆ.

ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಜೊತೆಗಾರ ಸಾರಜನಕ. ಅದೂ ಬಹುಪಾಲು ನೈಟ್ರೇಟ್ ರೂಪದ್ದು, ಕ್ಯಾಲ್ಸಿಯಂಗೆ ಅಡ್ಡ ಬರದಂಥದ್ದು. ಗೊಬ್ಬರದ ಅಂಗಡಿಯ ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಸಾರಜನಕ ಶೇ 15.5, ಕ್ಯಾಲ್ಸಿಯಂ ಸುಮಾರು ಶೇ 19. ಇಲ್ಲಿ ಒಂದು ಸುಲಭದ ಲೆಕ್ಕ ಇದೆ, ಬರೆದುಕೊಳ್ಳಿ. 10 ಲೀಟರಿನ ಬಕೆಟ್‌ಗೆ 1 ಗ್ರಾಂ ಹಾಕಿದರೆ, ಪೊಟ್ಟಣದ ಮೇಲಿನ ಶೇಕಡಾ ಸಂಖ್ಯೆಯೇ ನಿಮ್ಮ ಪಿಪಿಎಂ. ಅಂದರೆ 1 ಗ್ರಾಂಗೆ 19 ಪಿಪಿಎಂ ಕ್ಯಾಲ್ಸಿಯಂ. 3 ಗ್ರಾಂ ಹಾಕಿದರೆ 57, ಜೊತೆಗೆ 46ರಷ್ಟು ಸಾರಜನಕ. ಚೀಲದ ಗಿಡಕ್ಕೆ ಇದು ಸರಿಯಾಗುತ್ತದೆ. ಮಣ್ಣಿಲ್ಲದ ಟೊಮೆಟೊಗೆ 8 ಗ್ರಾಂ ಹಾಕಿ, 152 ಬರುತ್ತದೆ. ಬೇರೆ ಗೊಬ್ಬರಗಳಿಗೂ ಈ ಲೆಕ್ಕ ನಡೆಯುತ್ತದೆ. ರಂಜಕ, ಪೊಟ್ಯಾಷಿಯಂ ಮಾತ್ರ ಪೊಟ್ಟಣದ ಮೇಲೆ ಆಕ್ಸೈಡ್ ಲೆಕ್ಕದಲ್ಲಿ ಬರೆದಿರುವುದರಿಂದ ಅವಕ್ಕೆ ನೇರವಾಗಿ ಹೊಂದುವುದಿಲ್ಲ. ಮಟ್ಟಸವಾದ ಒಂದು ಟೀ ಚಮಚ ಅಂದರೆ ಸುಮಾರು 5 ಗ್ರಾಂ. ಆದರೆ ಒಂದು ಪುಟ್ಟ ತಕ್ಕಡಿ ಕೊಂಡುಬಿಡಿ, ಅಂದಾಜಿನ ಕೆಲಸ ಬೇಡ.

ಈ ಗೊಬ್ಬರದ ಹಿಂದೆ ಒಂದು ಸ್ವಾರಸ್ಯ ಇದೆ. ನಾರ್ವೆಯಲ್ಲಿ ಬಿರ್ಕೆಲ್ಯಾಂಡ್ ಮತ್ತು ಐಡೆ ಅನ್ನುವವರು ಜಲಪಾತದ ಕರೆಂಟಿನಿಂದ ದೊಡ್ಡ ಕಿಡಿ ಹೊತ್ತಿಸಿ ಗಾಳಿಯ ಸಾರಜನಕವನ್ನು ಆಮ್ಲವಾಗಿಸಿದರು. ಆ ಆಮ್ಲಕ್ಕೆ ಸುಣ್ಣಕಲ್ಲು ಸೇರಿಸಿ ಗೊಬ್ಬರ ಮಾಡಿದರು. 1905ರಲ್ಲಿ ಇದಕ್ಕೆಂದೇ ಕಂಪನಿ ಹುಟ್ಟಿತು. ಗಾಳಿ, ಕಲ್ಲು, ಬೀಳುವ ನೀರು. ಕಚ್ಚಾ ವಸ್ತು ಇಷ್ಟೇ. ನನಗೆ ರಸಾಯನಶಾಸ್ತ್ರದಲ್ಲಿ ಬಹಳ ಇಷ್ಟವಾದ ಕಥೆಗಳಲ್ಲಿ ಇದೂ ಒಂದು. ಜೋಗದ ಜಿಲ್ಲೆಯವರಿಗೆ ಹೇಳದೆ ಇನ್ಯಾರಿಗೆ ಹೇಳಲಿ?

ಗಿಡಕ್ಕೆ ಸಾರಜನಕ ಆಗಲೇ ಜಾಸ್ತಿ ಇದ್ದರೆ ಜಿಪ್ಸಂ ತಗೊಳ್ಳಿ. ಅದರ ಜೊತೆಗಾರ ಗಂಧಕ. ಗಿಡಕ್ಕೆ ಅದೂ ಬೇಕು, ಈರುಳ್ಳಿ, ಸಾಸಿವೆ ಜಾತಿಯವಕ್ಕಂತೂ ಚೆನ್ನಾಗಿ ಬೇಕು. ಶುದ್ಧ ಜಿಪ್ಸಮ್ಮಿನಲ್ಲಿ ಕ್ಯಾಲ್ಸಿಯಂ ಶೇ 23. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಬದಲಿಸುವುದಿಲ್ಲ. ಕರಗುವುದು ನಿಧಾನ, ಲೀಟರಿಗೆ 2.4 ಗ್ರಾಂಗಿಂತ ಹೆಚ್ಚು ಕರಗುವುದೂ ಇಲ್ಲ. ನಮಗೆ ಬೇಕಾದದ್ದು ಬಕೆಟ್‌ಗೆ 3 ಗ್ರಾಂ, ಹಾಗಾಗಿ ತೊಂದರೆ ಇಲ್ಲ. ನುಣ್ಣನೆ ಪುಡಿ ಹಾಕಿ, ಆಗಾಗ ಕಲಕಿ, ರಾತ್ರಿಯಿಡೀ ಬಿಡಿ. ಅಂಗಡಿಯದು ಪೂರ್ತಿ ಶುದ್ಧ ಇರುವುದಿಲ್ಲ, ತಳದಲ್ಲಿ ಗಷ್ಟು ಉಳಿಯುತ್ತದೆ. ಹನಿ ನೀರಾವರಿ ಪೈಪಿಗೆ ಬಿಡಬೇಡಿ.

ಕ್ಯಾಲ್ಸಿಯಂ ಕ್ಲೋರೈಡ್ ಚೆನ್ನಾಗಿ ಕರಗುತ್ತದೆ. ಆದರೆ ಬರುವ ಕ್ಲೋರೈಡ್ ಅಷ್ಟೊಂದು ಯಾರಿಗೂ ಬೇಡ. ಬೀನ್ಸ್, ಸ್ಟ್ರಾಬೆರಿ ಮುನಿಸಿಕೊಳ್ಳುತ್ತವೆ. ಎಲೆಗೆ ಸಿಂಪಡಿಸಲು ಬಳಸುತ್ತಾರೆ ನಿಜ. ಆದರೆ ಎಲೆಗೆ ಬಿದ್ದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯುತ್ತದೆ, ಕಾಯಿಗೆ ಇಳಿಯುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ. ಎಳೆಗಾಯಿಗೇ ನೇರವಾಗಿ ಬಿದ್ದರೆ ಅಷ್ಟಿಷ್ಟು ಉಪಯೋಗ.

ಇನ್ನು ನಮ್ಮ ಸುಣ್ಣ. ಕರಾವಳಿಯ ಚಿಪ್ಪಿನ ಸುಣ್ಣ ಇರಲಿ, ಎಲೆಅಡಿಕೆಯ ಸುಣ್ಣ ಇರಲಿ, ಅದರ ಜೊತೆಗಾರ ಕ್ಷಾರ. ತಿಳಿ ಸುಣ್ಣದ ನೀರಿನ ಪಿಎಚ್ 12 ದಾಟುತ್ತದೆ. ಗಡಸು ನೀರಿಗಾದರೆ ಪಿಎಚ್ ಏರುವುದನ್ನು ತಡೆಯುವ ಶಕ್ತಿ ಸ್ವಲ್ಪ ಇರುತ್ತದೆ. ನಮ್ಮ ಮೆದು ನೀರಿಗೆ ಆ ತಾಳಿಕೆ ಇಲ್ಲ. 20 ಪಾಲು ನೀರಿಗೆ ಒಂದು ಪಾಲು ತಿಳಿ ಬೆರೆಸಿದರೂ ಪಿಎಚ್ 11ರ ಮೇಲೇ ಇರುತ್ತದೆ. ಅದನ್ನು ನೇರ ಬೇರಿಗೆ ಹೊಯ್ಯಬೇಡಿ. ಹಾಗಂತ ಸುಣ್ಣ ಕೆಟ್ಟದ್ದಲ್ಲ. ಮಲೆನಾಡಿನ ಮಣ್ಣು ಹುಳಿ. ತೋಟದ ಮಣ್ಣಿಗೆ ಸುಣ್ಣವನ್ನೋ ಡಾಲಮೈಟ್ ಪುಡಿಯನ್ನೋ ಮಣ್ಣು ಪರೀಕ್ಷೆ ನೋಡಿ ಬೆರೆಸುವುದು ಸರಿಯಾದ ಕ್ರಮ. ಅಡಿಕೆ, ಕಾಫಿ ಬೆಳೆಗಾರರು ಮಾಡುವುದು ಅದನ್ನೇ. ನೆಲದಲ್ಲಿ ಬೆಳೆಯುವವರು ಮಣ್ಣನ್ನು ಸರಿಮಾಡಿಕೊಂಡರೆ ನೀರಿಗೆ ಏನೂ ಸೇರಿಸಬೇಕಾಗಿಲ್ಲ. ನೀರಿಗೆ ಸೇರಿಸುವ ಈ ಉಪಚಾರವೆಲ್ಲ ಮಣ್ಣು ಕಡಿಮೆ ಇರುವ ಕುಂಡ, ಚೀಲ, ಪೈಪುಗಳಿಗೆ.

ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಮೆಗ್ನೀಷಿಯಮ್ಮೂ ಇರುವುದಿಲ್ಲ. ಒಂದನ್ನೇ ಕೊಟ್ಟರೆ ಇನ್ನೊಂದರ ಕೊರತೆ ಕಾಣಿಸಿಕೊಳ್ಳುತ್ತದೆ. ಹಳೆಯ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. 10 ಲೀಟರಿಗೆ 3 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದರೆ 2 ಗ್ರಾಂ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಷಿಯಂ ಸಲ್ಫೇಟ್, ಕೂಡ ಹಾಕಿ. ಬಕೆಟ್‌ನ ತೆಳು ನೀರಿನಲ್ಲಿ ಎರಡೂ ಜೊತೆಗಿರಬಹುದು. ಗಟ್ಟಿ ದ್ರಾವಣ ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳುವವರು ಮಾತ್ರ ಎರಡು ಬಾಟಲಿ ಮಾಡಿಕೊಳ್ಳಿ. ಒಂದರಲ್ಲಿ ಬರೀ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಎಪ್ಸಮ್ ಮತ್ತು ರಂಜಕದ ಗೊಬ್ಬರ. ಒಂದೇ ಬಾಟಲಿಗೆ ಸುರಿದರೆ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ. ಆ ಗಷ್ಟೇ ನೀವು ದುಡ್ಡು ಕೊಟ್ಟು ತಂದ ಕ್ಯಾಲ್ಸಿಯಂ.

ತೆಂಗಿನ ನಾರಿನ ಪುಡಿ ಬಳಸುವವರಿಗೆ ಇನ್ನೊಂದು ಮಾತು. ಕೋಕೋಪೀಟ್ ಅಂತ ಕರೆಯುವ ಈ ಪುಡಿ ತನ್ನ ಮೈಮೇಲೆ ಪೊಟ್ಯಾಷಿಯಂ, ಸೋಡಿಯಂ ಹೊತ್ತುಕೊಂಡಿರುತ್ತದೆ. ನೀವು ಕೊಟ್ಟ ಕ್ಯಾಲ್ಸಿಯಮ್ಮನ್ನು ತಾನು ಹಿಡಿದುಕೊಂಡು ಅವನ್ನು ಗಿಡಕ್ಕೆ ಬಿಡುತ್ತದೆ. ಬರೀ ನೀರಿನಲ್ಲಿ ತೊಳೆದರೆ, ಅದೂ ನಮ್ಮ ಮೆದು ನೀರಿನಲ್ಲಿ, ಇದು ಪೂರ್ತಿ ಹೋಗುವುದಿಲ್ಲ. ಒತ್ತಿ ಮಾಡಿದ ಕೋಕೋಪೀಟ್ ಇಟ್ಟಿಗೆಯನ್ನು ಬಿಡಿಸಿದ ಮೇಲೆ ಲೀಟರಿಗೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಇರುವ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬಸಿದು, ಆಮೇಲೆ ತೊಳೆಯಿರಿ. ಬಸಿದ ನೀರನ್ನು ತೆಂಗಿನ ಮರದ ಬುಡಕ್ಕೆ ಹಾಕಿ, ವ್ಯರ್ಥ ಮಾಡಬೇಡಿ.

ಈಗ ಪ್ರಶ್ನೆಗಳು.

ಮೊಟ್ಟೆ ಚಿಪ್ಪು ನೆನೆಸಿದ ನೀರು ಹಾಕಬಹುದಾ ಅಂತ ಒಬ್ಬರು ಕೇಳಿದರು. ಹಾಕಬಹುದು, ಹಾಳೇನಿಲ್ಲ. ಆದರೆ ಅದರಲ್ಲಿ ಕ್ಯಾಲ್ಸಿಯಂ ಹೆಚ್ಚುಕಡಿಮೆ ಇರುವುದಿಲ್ಲ. ಚಿಪ್ಪು ಸುಣ್ಣಕಲ್ಲಿನ ವಸ್ತುವೇ, ಬರೀ ನೀರಿಗೆ ಕರಗದು. ಕರಗಿಸಬೇಕಾದರೆ ಹುಳಿ ಬೇಕು. ಒಂದು ಚಿಪ್ಪು 5 ಗ್ರಾಂ ತೂಗಿದರೆ ಶೇ 5ರ ವಿನೆಗರ್ ಸುಮಾರು 120 ಮಿಲಿಲೀಟರ್ ಬೇಕಾಗುತ್ತದೆ. ಬುಸ್ ಅಂತ ಗುಳ್ಳೆ ಎದ್ದು, ನಿಂತ ಮೇಲೆ ಸೋಸಿ. ಅದರಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 20 ಲೀಟರಿಗೆ ಬೆರೆಸಿದರೆ 100 ಪಿಪಿಎಂ. ಮಣ್ಣಿರುವ ಕುಂಡಕ್ಕೆ ಚೆನ್ನಾಗಿದೆ. ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದ ಬೇಸಾಯದ, ತೊಟ್ಟಿಗೆ ಹಾಕಬೇಡಿ, ಸೂಕ್ಷ್ಮಜೀವಿಗಳು ಮೇಯ್ದು ಲೋಳೆ ಕಟ್ಟುತ್ತವೆ. ಚಿಪ್ಪನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ ಹುಳಿ ಮಣ್ಣಿಗೆ ಬೆರೆಸಿದರೆ ಅದೂ ನಿಧಾನಕ್ಕೆ ಕರಗುತ್ತದೆ. ಕೈಯಲ್ಲಿ ಮುರಿದು ಮೇಲೆ ಹರಡಿದ್ದು ಅಲಂಕಾರ ಅಷ್ಟೇ.

ಆರ್‌ಒ ಯಂತ್ರದಿಂದ ಹೊರಗೆ ಬಿಡುವ ನೀರಿನ ಬಗ್ಗೆ ಒಬ್ಬ ಅಮ್ಮ ಕೇಳಿದರು. ಗಡಸು ನೀರಿನ ಊರಿನಲ್ಲಾದರೆ ಯೋಚಿಸಬೇಕು. ಇಲ್ಲಿ ಅದು ಗಿಡಕ್ಕೆ ಒಳ್ಳೆಯದೇ. ಮೂರು ಪಾಲಿನಲ್ಲಿ ಎರಡು ಪಾಲು ಹೊರಗೆ ಹೋದರೆ, ಲವಣಗಳು ಸುಮಾರು ಒಂದೂವರೆ ಪಟ್ಟು ಆಗುತ್ತವೆ. 60 ಇದ್ದ ಟಿಡಿಎಸ್ 90 ಆಯಿತು ಅಂತಿಟ್ಟುಕೊಳ್ಳಿ, ಅದು ಏನೂ ಅಲ್ಲ. ಕುಡಿಯುವ ನೀರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಸಂಸ್ಥೆ, ಟಿಡಿಎಸ್ 500ರವರೆಗೆ ಒಪ್ಪುತ್ತದೆ. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಅಂತ 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಹೇಳಿತ್ತು. ಹಾಗಾದರೆ ಈ ಊರಿನಲ್ಲಿ ಆರ್‌ಒ ಯಾಕೆ ಇದೆ ಅಂತ ನನ್ನನ್ನು ಕೇಳಬೇಡಿ.

ಆಂಥೂರಿಯಂಗೆ ಮಳೆನೀರೇ ಶ್ರೇಷ್ಠ ಅಲ್ವಾ ಅನ್ನುವುದು ಇನ್ನೊಂದು ಪ್ರಶ್ನೆ. ಉಪ್ಪು ತಡೆಯದ ಗಿಡ, ಹಾಗಾಗಿ ಮಳೆನೀರು ಒಳ್ಳೆಯದು. ಆದರೆ ಹೂವಿನ ಬಣ್ಣದ ಹಾಳೆಯಲ್ಲಿ ನೀರುಕಲೆ ಬಿದ್ದು ಕಂದಾಗುವ ತೊಂದರೆ ಹವಾಯಿಯ ಬೆಳೆಗಾರರನ್ನು ಬಹಳ ಕಾಡಿತ್ತು. ಹುಡುಕಿದಾಗ ಸಿಕ್ಕಿದ್ದು ಕ್ಯಾಲ್ಸಿಯಂ ಕೊರತೆ. ಅಲ್ಲಿಯೂ ನಮ್ಮ ಹಾಗೇ ಜಡಿಮಳೆ. ಬಕೆಟ್‌ಗೆ 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ತಿಂಗಳಿಗೆ ಎರಡು ಸಲ ಕೊಟ್ಟು ನೋಡಿ. ನಮ್ಮ ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ ಹುಳ ಹಿಡಿದು ತಿನ್ನುವ ಡ್ರಾಸೆರಾ ಅನ್ನುವ ಪುಟ್ಟ ಗಿಡ ಬೆಳೆಯುತ್ತದೆ. ಅಂಥದ್ದನ್ನು ಯಾರಾದರೂ ಸಾಕುತ್ತಿದ್ದರೆ ಅದಕ್ಕೆ ಏನೂ ಸೇರಿಸಬೇಡಿ. ಅದಕ್ಕೆ ಮಳೆನೀರೇ ಬೇಕು.

ಕೊನೆಯ ಪ್ರಶ್ನೆ, ಪೊಟ್ಟಣ ಒಡೆದ ಮೇಲೆ ಇಡುವುದು ಹೇಗೆ ಅಂತ. ಮಲೆನಾಡಿನಲ್ಲಿ ಇದು ನಿಜವಾದ ತಲೆನೋವು. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಹೀರುತ್ತದೆ. ಆಷಾಢದಲ್ಲಿ ಪೊಟ್ಟಣ ತೆರೆದಿಟ್ಟರೆ ಕೆಲವೇ ದಿನಕ್ಕೆ ಪಾಕ ಆಗಿರುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಒಲೆ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಪಾಕವಾದರೂ ಎಸೆಯಬೇಡಿ, ಸತ್ವ ಎಲ್ಲೂ ಹೋಗಿರುವುದಿಲ್ಲ. ತೂಕದಲ್ಲಿ ನೀರು ಸೇರಿರುವುದರಿಂದ ಗ್ರಾಂ ಲೆಕ್ಕ ಮಾತ್ರ ತಪ್ಪುತ್ತದೆ. ಒಂದು ಕಿಲೋ ಪೊಟ್ಟಣ ಪೂರ್ತಿ ಕರಗಿದ್ದರೆ ಅಷ್ಟನ್ನೂ ನೀರು ಸೇರಿಸಿ ಸರಿಯಾಗಿ 5 ಲೀಟರ್ ಮಾಡಿ ಕ್ಯಾನಿಗೆ ತುಂಬಿಕೊಳ್ಳಿ. ಆಗ 5 ಮಿಲಿಲೀಟರಿಗೆ 1 ಗ್ರಾಂ. ಬಕೆಟ್‌ಗೆ 15 ಮಿಲಿಲೀಟರ್ ಹಾಕಿದರೆ ಮೊದಲು ಹೇಳಿದ 3 ಗ್ರಾಂ ಆಯಿತು. ಕ್ಯಾನಿನ ಮೇಲೆ ಹೆಸರು ಬರೆಯುವುದು ಮರೆಯಬೇಡಿ.